ಮಡಿಕೇರಿಯಲ್ಲಿ ಮನೆ ನೋಡುವುದಾದರೆ ಜುಲೈಯಲ್ಲಿ ಬನ್ನಿ

ಮೂವತ್ತೊಂದು ವರ್ಷ ನಾನು ಮಡಿಕೇರಿಯಲ್ಲಿ ಪೋಸ್ಟ್‌ಮ್ಯಾನ್ ಆಗಿದ್ದೆ. ಪಿನ್ ಕೋಡ್ 571201. ಈ ಊರಿನ ಯಾವ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ, ಯಾವ ತಿರುವಿನಲ್ಲಿ ಕೊಡೆ ಮಗುಚುತ್ತದೆ, ಯಾವ ಗೇಟಿನ ಹಿಂದೆ ನಾಯಿ ಕಾದು ಕೂತಿರುತ್ತದೆ ಅಂತ ತಲೆಗಿಂತ ಮೊದಲು ನನ್ನ ಕಾಲಿಗೇ ಗೊತ್ತಾಗುತ್ತದೆ. ನಿವೃತ್ತಿಯಾದ ಮೇಲೆ ಕಾಗದ ಹಂಚುವ ಕೆಲಸ ಹೋಗಿ ಬುದ್ಧಿ ಹಂಚುವ ಕೆಲಸ ಬಂತು. ಯಾರಾದರೂ ಫೋನ್ ಮಾಡುತ್ತಲೇ ಇರುತ್ತಾರೆ. "ಮಡಿಕೇರಿಯಲ್ಲಿ ಒಂದು ಮನೆ ತಗೋಬೇಕು, ಯಾವ ಏರಿಯಾ ಒಳ್ಳೇದು?"

ಹೋದ ಡಿಸೆಂಬರಿನಲ್ಲಿ ನನ್ನ ಅಕ್ಕನ ಮಗನೂ ಇದನ್ನೇ ಕೇಳಿದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಮನೆಯಿಂದಲೇ ಮಾಡಬಹುದಂತೆ. ಹೆಂಡತಿ, ಆರು ವರ್ಷದ ಮಗಳು. ಬ್ರೋಕರ್ ಜೊತೆ ಎರಡು ದಿನ ಕಾರಿನಲ್ಲಿ ಸುತ್ತಿ, ಸಂಜೆ ಕಾಫಿ ಕುಡಿಯುತ್ತಾ ಮೊಬೈಲ್ ಮುಂದೆ ಹಿಡಿದ. "ಮಾವ, ವ್ಯೂ ನೋಡಿ!" ಕೆಳಗೆ ಕಣಿವೆ, ಅದರ ತುಂಬ ಹತ್ತಿ ಹಾಸಿದ ಹಾಗೆ ಮಂಜು, ಆಚೆ ಬೆಟ್ಟದ ಸಾಲು. ಫೋಟೋ ಚೆನ್ನಾಗಿಯೇ ಇತ್ತು. "ಮನೆಯ ಹಿಂಭಾಗದ ಫೋಟೋ ಉಂಟಾ?" ಅಂದೆ. ಇರಲಿಲ್ಲ. ಯಾರ ಹತ್ತಿರವೂ ಇರುವುದಿಲ್ಲ.

ಮಡಿಕೇರಿಯಲ್ಲಿ ಜಾಗ ನೋಡುವವರು ಮುಂದೆ ನೋಡುತ್ತಾರೆ. ಹಿಂದೆ ನೋಡಬೇಕು. ಮುಂದೆ ಇರುವುದು ವ್ಯೂ, ಹಿಂದೆ ಇರುವುದು ಬರೆ. ಹೊರಗಿನವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಇಳಿಜಾರು ಗುಡ್ಡವನ್ನು ಕಡಿದು ಸೈಟು ಸಮ ಮಾಡಿದಾಗ ಹಿಂದೆ ಗೋಡೆಯ ಹಾಗೆ ನಿಲ್ಲುವ ಮಣ್ಣಿಗೆ ನಾವು ಬರೆ ಅನ್ನುತ್ತೇವೆ. ಮಳೆಗಾಲದಲ್ಲಿ ಇಲ್ಲಿನ ಪೇಪರ್ ತೆಗೆದರೆ "ಬರೆ ಕುಸಿತ" ಅನ್ನುವ ಸುದ್ದಿ ಇಲ್ಲದ ವಾರವೇ ಕಡಿಮೆ.

ಊರು ಕೂತಿರುವ ರೀತಿ ಮೊದಲು ತಿಳಿದುಕೊಳ್ಳಿ. ಹಾಲೇರಿಯಿಂದ ರಾಜಧಾನಿಯನ್ನು ಮುದ್ದುರಾಜ ಇಲ್ಲಿಗೆ ತಂದದ್ದು 1681ರಲ್ಲಿ. ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತು ಅಂತಾರೆ. ಆಗ ಕೋಟೆಗೆ ಬೇಕಾದದ್ದು ಎತ್ತರದ, ಗಟ್ಟಿ ನೆಲ. ಅದರ ಸುತ್ತ ಪೇಟೆ ಬೆಳೆಯಿತು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನ ನೋಡಿ, ಅದು ತಗ್ಗಿನಲ್ಲಿದೆ, ಎದುರಿಗೆ ಕೆರೆ. ನೀರು ಇಳಿದು ಬರುವ ಜಾಗದಲ್ಲಿ ಕೆರೆ, ಜನ ಇರುವುದು ಮೇಲೆ. ಈ ಲೆಕ್ಕ ಬಹಳ ಕಾಲ ನಡೆಯಿತು. ಆಮೇಲೆ ಜನ ಜಾಸ್ತಿಯಾದರು, ಬೆಟ್ಟದ ಏಣಿನ ಮೇಲೆ ಜಾಗ ಮುಗಿಯಿತು. ಇಳಿಜಾರಿಗೆ ಇಳಿದೆವು, ಅಲ್ಲಿಂದ ನೀರು ಹರಿಯುವ ಕೊಲ್ಲಿಗೂ ಇಳಿದೆವು. 2018ರ ಆಗಸ್ಟ್‌ನಲ್ಲಿ ಊರೊಳಗೆ ಪೆಟ್ಟು ತಿಂದದ್ದು ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರದಂಥ ಇಳಿಜಾರಿನ ಬಡಾವಣೆಗಳು. ಊರ ಹೊರಗೆ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಮದೆನಾಡು, ಜೋಡುಪಾಲ. ಗುಡ್ಡದ ಇಳಿಜಾರನ್ನು ರಸ್ತೆಗೆ, ಮನೆಗೆ ಅಂತ ಕಡಿದದ್ದೂ ಇದಕ್ಕೆ ಕಾರಣ ಅಂತ ಭೂವಿಜ್ಞಾನದವರು ಆಮೇಲೆ ಹೇಳಿದರು.

ನಾನೇನೂ ಹುಟ್ಟುತ್ತಲೇ ಜಾಣನಲ್ಲ. 2016ರಲ್ಲಿ ನಾನೂ ವ್ಯೂಗೆ ಬಿದ್ದವನೇ. ಊರಿನ ಅಂಚಿನಲ್ಲಿ ಐದು ಸೆಂಟ್ ಜಾಗ, ಮಾರ್ಚ್ ತಿಂಗಳು, ಕಾಫಿ ಹೂವಿನ ಪರಿಮಳ ಬೇರೆ. ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆ. ಮನೆಯವಳು ಒಂದೇ ಪ್ರಶ್ನೆ ಕೇಳಿದಳು. "ಮೇಲಿನ ಮನೆಯವರ ಪಾಯಿಖಾನೆ ಗುಂಡಿ ಎಲ್ಲಿದೆ?" ಎಂಥ ಪ್ರಶ್ನೆ ಮಾರಾಯ್ತಿ ಅಂತ ನಕ್ಕುಬಿಟ್ಟೆ.

ಜುಲೈಯಲ್ಲಿ ಒಂದು ದಿನ ಡ್ಯೂಟಿ ಮುಗಿಸಿ ಅದೇ ರೈನ್‌ಕೋಟ್‌ನಲ್ಲಿ ಸೈಟಿಗೆ ಹೋದೆ. ಬರೆ ಹನ್ನೆರಡು ಅಡಿ ಎತ್ತರ. ಅರ್ಧಕ್ಕಿಂತ ಸ್ವಲ್ಪ ಕೆಳಗೆ ಮೂರು ಕಡೆ ನೀರು ಬರುತ್ತಿತ್ತು, ಕಿರುಬೆರಳಿನಷ್ಟು ದಪ್ಪ. ಮೇಲಿಂದ ಹರಿದು ಬರುವ ಮಳೆ ನೀರಲ್ಲ, ಮಣ್ಣಿನ ಒಳಗಿಂದಲೇ ಬರುವ ನೀರು. ಎರಡು ಕಡೆ ತಿಳಿಯಾಗಿತ್ತು. ಮೂರನೆಯದು ಹಾಲು ಹಾಕದ ಟೀ ಬಣ್ಣ. ಕೈ ಒಡ್ಡಿದೆ, ಅಂಗೈಯಲ್ಲಿ ನುಣ್ಣನೆ ಮಣ್ಣು ಕೂತಿತು. ಅಂದರೆ ನೀರು ಸುಮ್ನೆ ಬರುತ್ತಿಲ್ಲ, ಗುಡ್ಡವನ್ನು ಸ್ವಲ್ಪ ಸ್ವಲ್ಪವೇ ಹೊತ್ತು ತರುತ್ತಿದೆ. ಬರೆಯ ಮೇಲೆ ನಾಲ್ಕು ಸಿಲ್ವರ್ ಓಕ್ ಮರ ಇದ್ದವು. ಮಾರ್ಚ್‌ನಲ್ಲಿ ನನಗೆ ನೆಟ್ಟಗೆ ಕಂಡಿದ್ದವು. ಈಗ ನೋಡಿದರೆ ಒಂದು ಮರ ನಮ್ಮ ಸೈಟಿನ ಕಡೆಗೆ ಬಗ್ಗಿ ಇಣುಕುತ್ತಿತ್ತು. ಮೇಲಿನ ಮನೆಯ ಗುಂಡಿ ಬರೆಯ ಅಂಚಿನಿಂದ ಆರು ಹೆಜ್ಜೆ ದೂರ, ನಾನೇ ಅಳೆದೆ.

ವ್ಯಾಪಾರ ಬೇಡ ಅಂದೆ. ಮಾರುವವರು ಅರ್ಧ ದುಡ್ಡು ವಾಪಸ್ ಕೊಟ್ಟರು, ಇನ್ನರ್ಧ ಹೋಯಿತು. ಎರಡು ವರ್ಷ ಕಳೆದು, 2018ರ ಆಗಸ್ಟ್ ಮಳೆಯಲ್ಲಿ ಆ ಬರೆ ಕುಸಿದು ಬಂತು. ಪುಣ್ಯಕ್ಕೆ ಸೈಟು ಆಗಲೂ ಖಾಲಿಯಿತ್ತು. ನನ್ನ ಇಪ್ಪತ್ತೈದು ಸಾವಿರದ ಬಗ್ಗೆ ನನ್ನ ಹೆಂಡತಿ ಅಲ್ಲಿಂದೀಚೆಗೆ ಮಾತೆತ್ತಿಲ್ಲ.

ಹಾಗಾಗಿ ಜಾಗ ನೋಡಲು ಮಳೆಗಾಲದಲ್ಲೇ ಬನ್ನಿ. ಜುಲೈ ಕೊನೆ, ನಮ್ಮ ಕಡೆಯ ಕಕ್ಕಡ ತಿಂಗಳು, ಅತ್ಯುತ್ತಮ. ಸುಮಾರು 1,150 ಮೀಟರ್ ಎತ್ತರದ ಊರು ಇದು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿಯುತ್ತದೆ. ಕಾರು ಕೆಳಗೆ ಬಿಟ್ಟು ನಡೆದು ಹತ್ತಿ. ಚರಂಡಿಯ ನೀರು ರಸ್ತೆ ದಾಟಿ ಯಾರ ಅಂಗಳಕ್ಕೆ ನುಗ್ಗುತ್ತದೆ ನೋಡಿ. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರಲು ಪೈಪು ಇಟ್ಟಿದ್ದಾರಾ, ಮಳೆಯಲ್ಲಿ ಆ ಪೈಪಿನಿಂದ ನೀರು ಬರುತ್ತಿದೆಯಾ ನೋಡಿ. ಪೈಪು ಇದ್ದೂ ಒಣಗಿದ್ದರೆ ಗೋಡೆಯ ಹಿಂದೆ ನೀರು ಕಟ್ಟಿಕೊಂಡಿದೆ ಅಂತ ಅರ್ಥ. ಗೋಡೆ ಬಸುರಿಯ ಹಾಗೆ ಉಬ್ಬಿದ್ದರೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಲೂ ಬೇಡಿ. ಕಟ್ಟಿದ ಮನೆಯಾದರೆ ಬಾಗಿಲುಗಳನ್ನೆಲ್ಲ ಒಂದು ಸಲ ಹಾಕಿ ತೆಗೆಯಿರಿ. ಮಳೆಗೆ ಮರ ಉಬ್ಬಿ ಒಂದೆರಡು ಬಿಗಿಯಾಗುವುದು ಸಹಜ. ಆದರೆ ಚೌಕಟ್ಟೇ ಓರೆಯಾಗಿ ಮೂಲೆಯಲ್ಲಿ ಬೆಳಕು ಕಾಣುತ್ತಿದ್ದರೆ ಅದು ಮರದ ತಪ್ಪಲ್ಲ, ನೆಲದ್ದು.

ಗಾಳಿಯೂ ಮುಖ್ಯ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ಬರುತ್ತದೆ. ಬೀದಿಯಲ್ಲಿ ಹಳೇ ಮನೆಗಳ ಯಾವ ಗೋಡೆಗೆ ತಗಡು ಹೊಡೆದಿದ್ದಾರೆ ಗಮನಿಸಿ. ಒಂದೇ ದಿಕ್ಕಿನ ಗೋಡೆಗಳಿಗೆಲ್ಲ ತಗಡು ಇದ್ದರೆ ಅಲ್ಲಿ ಮಳೆ ಮೇಲಿಂದ ಬೀಳುವುದಲ್ಲ, ಅಡ್ಡಡ್ಡ ಬರುವುದು. ಆ ದಿಕ್ಕಿಗೆ ದೊಡ್ಡ ಗಾಜಿನ ಕಿಟಕಿ ಇಟ್ಟ ಹೊಸ ಮನೆಯನ್ನು "ವ್ಯಾಲಿ ವ್ಯೂ" ಅಂತ ಮಾರುತ್ತಾರೆ. ಟೆರೇಸ್ ಮೇಲೆ ಮತ್ತೆ ಶೀಟ್ ಹಾಕಿದ್ದನ್ನು ನೋಡಿ ಬೆಂಗಳೂರಿನವರು ಮುಖ ಸಿಂಡರಿಸುತ್ತಾರೆ. ಅದು ಶೋಕಿಗಲ್ಲ ಸ್ವಾಮಿ, ಸೋರುವುದಕ್ಕೆ.

ಇನ್ನೊಂದು ಪರೀಕ್ಷೆ ಇದೆ. ಇದು ನನ್ನ ನೌಕರಿ ಕಲಿಸಿದ್ದು. ಸಂಜೆ ಏಳು ಗಂಟೆಗೆ ಆ ಬೀದಿಗೆ ಹೋಗಿ ಎಷ್ಟು ಮನೆಯಲ್ಲಿ ಲೈಟು ಉರಿಯುತ್ತಿದೆ ಅಂತ ಎಣಿಸಿ. ಶನಿವಾರ ಬೇಡ, ಜುಲೈ ತಿಂಗಳ ಮಂಗಳವಾರವೋ ಬುಧವಾರವೋ ಹೋಗಿ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ರಿಜಿಸ್ಟರ್ಡ್ ಕಾಗದ ವಾಪಸ್ ಒಯ್ಯುವುದು ಅಪರೂಪ. ಯಾರಾದರೂ ಮನೆಯಲ್ಲಿ ಇರುತ್ತಿದ್ದರು. ಇಲ್ಲದಿದ್ದರೆ ಪಕ್ಕದ ಮನೆಯ ಅಜ್ಜಿ ಎಲ್ಲಿಗೆ ಹೋಗಿದ್ದಾರೆ, ಯಾವ ಬಸ್ಸಿಗೆ ಬರುತ್ತಾರೆ ಅಂತ ಹೇಳುತ್ತಿದ್ದರು. ಕೊನೆಯ ವರ್ಷಗಳಲ್ಲಿ ಕೆಲವು ಬೀದಿಗಳಲ್ಲಿ "ಬಾಗಿಲು ಬೀಗ" ಅಂತ ಬರೆದೂ ಬರೆದೂ ಕೈ ಸೋತಿತು. ಒಡೆಯರು ಬೆಂಗಳೂರಿನಲ್ಲೋ ದುಬೈನಲ್ಲೋ ಇರುತ್ತಾರೆ, ಮನೆ ಹೋಂಸ್ಟೇ ಆಗಿರುತ್ತದೆ. ವಾರಾಂತ್ಯಕ್ಕೆ ಹತ್ತು ಕಾರು, ಸ್ಪೀಕರ್ ಹಾಡು. ಸೋಮವಾರ ಒಂದು ನರಪಿಳ್ಳೆಯೂ ಇಲ್ಲ. ರಾತ್ರಿ ಎರಡು ಗಂಟೆಗೆ ಹಿಂದಿನಿಂದ ಮಣ್ಣು ಸದ್ದು ಮಾಡಿದರೆ ನೀವು ಯಾರ ಬಾಗಿಲು ಬಡಿಯುತ್ತೀರಿ? ಲೈಟು ಉರಿಯುವ ಮನೆ ಹತ್ತರಲ್ಲಿ ಆರಕ್ಕಿಂತ ಕಡಿಮೆ ಇರುವ ಬೀದಿಯಲ್ಲಿ, ಜಾಗ ಎಷ್ಟೇ ಗಟ್ಟಿ ಇದ್ದರೂ, ಸಂಸಾರಸ್ಥರು ಮನೆ ತಗೋಬೇಡಿ.

ಈಗ ಏರಿಯಾಗಳ ವಿಷಯ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಪೇಟೆಯೊಳಗೆ, ಅಂದರೆ ಚೌಕಿಯ ಸುತ್ತ, ಮಹದೇವಪೇಟೆ, ಗಣಪತಿ ಬೀದಿ, ಕಾಲೇಜು ರಸ್ತೆ. ಹಳೇ ಮನೆಗಳು, ಕಿರಿದಾದ ಗಲ್ಲಿ, ಕಾರು ನಿಲ್ಲಿಸಲು ಜಾಗವಿಲ್ಲ. ಆದರೆ ಎಲ್ಲವೂ ಕಾಲಳತೆಯಲ್ಲಿ. ಶುಕ್ರವಾರದ ಸಂತೆಯಿಂದ ಚೀಲ ಹೊತ್ತು ಮನೆಗೆ ನಡೆದು ಬರಬಹುದು. ವಯಸ್ಸಾದವರಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ನಾನೂ ಕೊನೆಗೆ ತಗೊಂಡದ್ದು ಮಹದೇವಪೇಟೆ ರಸ್ತೆಯಿಂದ ಕವಲೊಡೆಯುವ ಗಲ್ಲಿಯಲ್ಲಿ, ಮೂರೂವರೆ ಸೆಂಟಿನ ಹೆಂಚಿನ ಮನೆ. ವ್ಯೂ ಅಂದರೆ ಎದುರು ಮನೆಯ ಬಟ್ಟೆ ಹಗ್ಗ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ವಿಜಯದಶಮಿ ರಾತ್ರಿ ಇಲ್ಲಿ ನಿದ್ದೆ ಇಲ್ಲ. ಹತ್ತು ದೇವಸ್ಥಾನದ ಮಂಟಪಗಳು ಟ್ರಾಕ್ಟರ್ ಮೇಲೆ ರಾತ್ರಿಯಿಡೀ ಬರುತ್ತವೆ, ಕಿಟಕಿ ಗಾಜು ನಡುಗುತ್ತದೆ. ಅದು ತೊಂದರೆ ಅನ್ನಿಸಿದರೆ ಮಡಿಕೇರಿ ನಿಮಗಲ್ಲ.

ಹಳೇ ಪೇಟೆಯಲ್ಲಿ ಎರಡು ವಿಷಯ ವಿಚಾರಿಸಬೇಕು. ಮಣ್ಣಿನ ಗೋಡೆಯ ಮನೆಯಾದರೆ ಬುಡದಲ್ಲಿ ಬೆರಳಿನಿಂದ ಒತ್ತಿ ನೋಡಿ, ಹಿಟ್ಟಿನ ಹಾಗೆ ಉದುರಿದರೆ ರೇಟು ಇಳಿಸಿ ಅಥವಾ ಬಿಡಿ. ಎರಡನೆಯದು ಕೋಟೆ. ಅದು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ಕಾನೂನಿನ ಪ್ರಕಾರ ಅಂಥ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ಹಳೇ ಮನೆ ಕೆಡವಿ ಮೂರು ಮಹಡಿ ಎಬ್ಬಿಸುತ್ತೇನೆ ಅಂತ ಲೆಕ್ಕ ಹಾಕುವವರು ಟೇಪು ಹಿಡಿದು ಅಳೆದ ಮೇಲೆ ಲೆಕ್ಕ ಹಾಕಿ.

ರಾಜಾಸೀಟ್ ಕಡೆ ಸುಂದರ, ಒಪ್ಪುತ್ತೇನೆ. ಪ್ರವಾಸಿಗರಿಗೂ ಅದು ಗೊತ್ತಿದೆ. ಅಬ್ಬಿ ಜಲಪಾತದ ರಸ್ತೆಯೂ ಹಾಗೆಯೇ. ಭಾನುವಾರ ಮಗುವಿಗೆ ಜ್ವರ ಬಂದು ಜಿಲ್ಲಾ ಆಸ್ಪತ್ರೆಗೆ ಓಡಬೇಕಾದರೆ ಮುಂದಿರುವ ಕಾರುಗಳನ್ನು ಎಣಿಸುತ್ತಾ ಕೂರಬೇಕು. ಜಾಗ ನೋಡಲು ಒಂದು ಸಲ ವಾರದ ಮಧ್ಯೆ, ಇನ್ನೊಂದು ಸಲ ಡಿಸೆಂಬರ್ ಕೊನೆಯ ಭಾನುವಾರ ಬನ್ನಿ. ಎರಡು ಬೇರೆ ಊರು ನೋಡಿದ ಹಾಗಾಗುತ್ತದೆ.

ಮೈಸೂರು ರಸ್ತೆಯಲ್ಲಿ ಚೈನ್‌ಗೇಟ್ ದಾಟಿ ಇಬ್ನಿವಳವಾಡಿ, ಬೋಯಿಕೇರಿ ಕಡೆ, ವಿರಾಜಪೇಟೆ ಕಡೆಗೆ ಮೇಕೇರಿ, ಸಿದ್ದಾಪುರ ಕಡೆಗೆ ಕಡಗದಾಳು. ಇಲ್ಲೆಲ್ಲ ಮನೆಯ ಸುತ್ತ ಸ್ವಲ್ಪ ಮಣ್ಣು ಸಿಗುತ್ತದೆ, ನಾಲ್ಕು ಕಾಫಿ ಗಿಡ, ಒಂದು ಕಿತ್ತಳೆ ನೆಡಬಹುದು. ಆದರೆ ಕಡಗದಾಳು ಕಡೆಗೆ ಆನೆ ಬರುತ್ತದೆ. ಹಲಸು ಹಣ್ಣಾಗುವ ಕಾಲದಲ್ಲಿ ಸಂಜೆ ಮೇಲೆ ಸ್ಕೂಟರಿನಲ್ಲಿ ಬರುವವರು ಯೋಚನೆ ಮಾಡಬೇಕು. ಮರ ಬಿದ್ದು ಕರೆಂಟು ಹೋದರೆ ಪೇಟೆಗೆ ಅದೇ ದಿನ ಬರಬಹುದು, ತೋಟದ ನಡುವಿನ ಒಂಟಿ ಮನೆಗೆ ಮೂರು ದಿನ ಹಿಡಿಯುವುದೂ ಉಂಟು. ಮನೆಯಿಂದ ಕೆಲಸ ಮಾಡುವವರು ಇದನ್ನು ಪಕ್ಕದ ಮನೆಯವರ ಹತ್ತಿರ ಕೇಳಿ, ಬ್ರೋಕರ್ ಹತ್ತಿರ ಬೇಡ. ಗಾಳಿಬೀಡು ಕಡೆ ಹೋಗುವವರಿಗೆ ಹೆಸರೇ ಸಾಕು, ನಾನು ಬೇರೆ ಹೇಳುವುದು ಏನೂ ಇಲ್ಲ.

ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿಗೇನು ಬರ ಅಂತೀರಾ? ಮಾರ್ಚ್, ಏಪ್ರಿಲ್‌ನಲ್ಲಿ ಬಂದು ನೋಡಿ. ಊರಿಗೆ ನೀರು ಬರುವುದು ಮುಖ್ಯವಾಗಿ ಕೂಟುಹೊಳೆಯಿಂದ, ಪಂಪ್ ಮಾಡಿ ಮೇಲೆ ಹತ್ತಿಸಬೇಕು. ಎತ್ತರದ ಬೀದಿಯ ಕೊನೆಯ ಮನೆಯ ನಲ್ಲಿಗೆ ಅದು ಕೊನೆಗೇ ತಲುಪುತ್ತದೆ. ಮನೆಗೆ ಸಂಪ್ ಇದೆಯಾ, ಬಾವಿ ಇದ್ದರೆ ಏಪ್ರಿಲ್‌ನಲ್ಲಿ ಎಷ್ಟು ಅಡಿ ನೀರು ಇರುತ್ತದೆ ಅಂತ ಕೇಳಿ. "ಯಾವಾಗಲೂ ಇರ್ತದೆ" ಅನ್ನುವ ಉತ್ತರ ನಂಬಬೇಡಿ. ಬಾವಿಯ ಒಳಗಿನ ಕಲ್ಲಿನ ಮೇಲೆ ನೀರಿನ ಗೆರೆ ಇರುತ್ತದೆ, ಅದು ಸುಳ್ಳು ಹೇಳುವುದಿಲ್ಲ.

ಕುಶಾಲನಗರದ ಮಾತೂ ಬರುತ್ತದೆ. ಇಲ್ಲಿಂದ ಸುಮಾರು 30 ಕಿಲೋಮೀಟರ್, ಸಮತಟ್ಟು ನೆಲ, ಮಳೆ ನಮಗಿಂತ ಬಹಳ ಕಡಿಮೆ. 2018ರ ಮೇಲೆ ನನಗೆ ಗೊತ್ತಿರುವ ನಾಲ್ಕೈದು ಮನೆಯವರು ಬರೆಯ ಸಹವಾಸವೇ ಬೇಡ ಅಂತ ಅಲ್ಲಿಗೆ ಇಳಿದರು. ತಪ್ಪಿಲ್ಲ. ಆದರೆ ಅಲ್ಲಿ ಗುಡ್ಡದ ಬದಲು ಹೊಳೆ. ಕಾವೇರಿ ಪಕ್ಕದಲ್ಲೇ ಹರಿಯುತ್ತದೆ, ಹಾರಂಗಿ ಕೂಡಿಗೆಯಲ್ಲಿ ಬಂದು ಸೇರುತ್ತದೆ. 2018ರಲ್ಲೂ 2019ರಲ್ಲೂ ಹೊಳೆ ಹತ್ತಿರದ ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಲ್ಲಿ ಮನೆ ನೋಡುವಾಗ ಕಾಂಪೌಂಡಿನ ಪೇಂಟ್ ನೋಡಿ. ಕೆಳಗಿನ ನಾಲ್ಕು ಅಡಿಗೆ ಮಾತ್ರ ಹೊಸ ಬಣ್ಣ ಇದ್ದರೆ ಯಾಕೆ ಅಂತ ಕೇಳಿ. ಕರೆಂಟಿನ ಮೀಟರ್ ಬೋರ್ಡು ತಲೆಗಿಂತ ಎತ್ತರದಲ್ಲಿದ್ದರೆ ಕೇಳುವ ಅಗತ್ಯವೂ ಇಲ್ಲ.

ಕಾಗದ ಪತ್ರದ ವಿಷಯ ಬೇಗ ಮುಗಿಸುತ್ತೇನೆ. ಇದಕ್ಕೆ ವಕೀಲರು ಬೇಕೇ ಬೇಕು, ಅದೂ ಕೊಡಗಿನ ವಕೀಲರೇ ಬೇಕು. ನಮ್ಮ ಜಮೀನಿನ ಹೆಸರುಗಳು ಬೇರೆ ಕಡೆಯವರಿಗೆ ತಲೆಗೆ ಹತ್ತುವುದಿಲ್ಲ. ಜಮ್ಮಾ, ಬಾಣೆ, ಸಾಗು, ಪೈಸಾರಿ. ಬಾಣೆ ಅಂದರೆ ಗದ್ದೆಗೆ ಸೇರಿದ ಮೇಲಿನ ಗುಡ್ಡದ ಜಾಗ, ಪೈಸಾರಿ ಅಂದರೆ ಸರ್ಕಾರಿ ಜಾಗ. ಮೂವತ್ತು ವರ್ಷದ ಮನೆ, ಕರೆಂಟು, ನಲ್ಲಿ, ಮನೆ ನಂಬರು ಎಲ್ಲ ಇರಬಹುದು, ಆದರೆ ಹಕ್ಕುಪತ್ರ ಇಲ್ಲದಿದ್ದರೆ ಮಾರುವವರ ಕೈಯಲ್ಲಿ ಮಾರಲು ಏನೂ ಇಲ್ಲ. ಜಮ್ಮಾ, ಅಂದರೆ ತಲೆಮಾರಿನಿಂದ ಬಂದ ಕುಟುಂಬದ ಜಾಗವಾದರೆ ಆರ್‌ಟಿಸಿಯಲ್ಲಿ ಒಂದು ಒಕ್ಕದ, ಅಂದರೆ ಮನೆತನದ, ಎಷ್ಟೋ ಹೆಸರು ಇರುತ್ತದೆ. ನಿಮ್ಮ ಜೊತೆ ಕೂತು ಕಾಫಿ ಕುಡಿದವರು ಅದರಲ್ಲಿ ಒಬ್ಬರು ಮಾತ್ರ. ಉಳಿದವರ ಸಹಿ ಎಲ್ಲಿ? ನಗರಸಭೆ ವ್ಯಾಪ್ತಿಯಲ್ಲಿ ಇ-ಖಾತೆ ಕೇಳಿ. ಪಂಚಾಯಿತಿಯಲ್ಲಾದರೆ ನಮೂನೆ 9 ಮತ್ತು 11ಎ. 11ಎ ಬದಲು 11ಬಿ ಆಗಿದ್ದರೆ ಬ್ಯಾಂಕಿಗೆ ಹೋಗುವ ಮೊದಲು ವಕೀಲರ ಹತ್ತಿರ ಹೋಗಿ. ತೋಟ ಕಡಿದು ಮಾಡಿದ ಸೈಟಾದರೆ ಕನ್ವರ್ಷನ್ ಆದೇಶ, ಮೂಡಾ ಒಪ್ಪಿಗೆ ನೋಡಿ. ಮೂಡಾ ಅಂದರೆ ಮೈಸೂರಿನದಲ್ಲ, ಮಡಿಕೇರಿ ನಗರಾಭಿವೃದ್ಧಿ ಪ್ರಾಧಿಕಾರ, ನಮಗೂ ಒಂದಿದೆ. ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟನ್ನು ಕಾಗದ ಎಷ್ಟೇ ಸರಿಯಿದ್ದರೂ ನಾನು ತಗೊಳ್ಳುವುದಿಲ್ಲ. ಬಾಣೆಯ ನೀರೆಲ್ಲ ಇಳಿದು ಬರುವುದೇ ಗದ್ದೆಗೆ. ಮೇಲೆ ಮನೆ ಕಟ್ಟಿದ್ದಾರೆ ಅಂತ ಅದು ದಾರಿ ಬದಲಿಸುವುದಿಲ್ಲ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ನೂರಕ್ಕೆ ಎರಡು ಆಗಿದೆ, ಮೊದಲು ಒಂದಿತ್ತು. ಹಳೇ ಲೆಕ್ಕದಲ್ಲಿ ದುಡ್ಡು ಹೊಂದಿಸಿ ಕೂರಬೇಡಿ.

ಇದೆಲ್ಲ ಹೇಳಿ ಮುಗಿಸಿದ ಮೇಲೆ ಅಳಿಯ ಸುಮ್ಮನೆ ಕೂತ. "ಹಾಗಾದ್ರೆ ಎಲ್ಲೂ ತಗೋಬಾರ್ದಾ ಮಾವ?" ಅಂದ. ತಗೋ, ಆದರೆ ಮೊದಲು ಒಂದು ಮಳೆಗಾಲ ಬಾಡಿಗೆಗೆ ಇರು ಅಂದೆ. ಜೂನ್‌ನಿಂದ ಸೆಪ್ಟೆಂಬರ್, ನಾಲ್ಕು ತಿಂಗಳ ಬಾಡಿಗೆ ಎಷ್ಟಾಗುತ್ತದೆ? ನಾನು ಕಳೆದುಕೊಂಡ ಅಡ್ವಾನ್ಸಿಗಿಂತ ಸ್ವಲ್ಪ ಜಾಸ್ತಿ ಆಗಬಹುದು. ಹೆಂಡತಿಗೆ ಮಂಜು ಹಿಡಿಸುತ್ತದಾ, ಮಗಳು ಮಳೆಯಲ್ಲಿ ಶಾಲೆಗೆ ಹೋಗುತ್ತಾಳಾ, ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿದದ್ದು ನೋಡಿ ನಗು ಬರುತ್ತದಾ ಅಳು ಬರುತ್ತದಾ, ಎಲ್ಲ ಗೊತ್ತಾಗುತ್ತದೆ.

ಕೇಳಿದ. ಜೂನ್ ಮೊದಲ ವಾರ ನಮ್ಮ ಗಲ್ಲಿಯಿಂದ ಮೂರು ಗಲ್ಲಿ ಆಚೆ ಬಾಡಿಗೆ ಮನೆಗೆ ಬಂದ. ದಿನಾ ಸಂಜೆ ಕೊಡೆ ಹಿಡಿದು ಒಂದೊಂದು ಬೀದಿ ಸುತ್ತುತ್ತಾನೆ. ಒಂದು ಸಣ್ಣ ಪುಸ್ತಕ ಇಟ್ಟಿದ್ದಾನೆ, ಬೀದಿಯ ಹೆಸರು, ಉರಿಯುವ ಲೈಟು, ಬರೆಯ ನೀರಿನ ಬಣ್ಣ, ಎಲ್ಲ ಬರೆದುಕೊಳ್ಳುತ್ತಾನೆ. ನಾನು ಕಣ್ಣು ಮುಚ್ಚಿ ಹೇಳುವ ಬೀದಿಗಳಿಗೂ ಹೋಗಿ ಮತ್ತೆ ಎಣಿಸುತ್ತಾನೆ. ಬೇಜಾರಿಲ್ಲ, ಎಣಿಸಲಿ. ಡಿಸೆಂಬರಿನಲ್ಲಿ ಫೋಟೋ ತೋರಿಸಿದ್ದನಲ್ಲ, ಆ ಮನೆಯ ಹಿಂಭಾಗಕ್ಕೂ ಹೋಗಿ ಬಂದ. ಏನು ನೋಡಿದ ಅಂತ ಹೇಳಲಿಲ್ಲ, ಪುಸ್ತಕದಲ್ಲಿ ಆ ಪುಟಕ್ಕೆ ಉದ್ದಕ್ಕೆ ಒಂದು ಗೀಟು ಎಳೆದಿದ್ದ.

ಮೊನ್ನೆ ಬೆಳಿಗ್ಗೆ ಫೋನ್ ಮಾಡಿದ. "ಮಾವ, ಆರು ದಿನ ಆಯ್ತು, ಮಗಳ ಯೂನಿಫಾರ್ಮ್ ಒಣಗ್ತಾ ಇಲ್ಲ."

"ನಮ್ಮಲ್ಲಿಗೆ ತಗೊಂಡು ಬಾ, ಒಲೆ ಮೇಲಿನ ಹಗ್ಗ ಖಾಲಿ ಉಂಟು" ಅಂದೆ. "ಆಗಸ್ಟ್ ಇನ್ನೂ ಬಂದಿಲ್ಲ ಮಾರಾಯ."